ವಿಂಡೋಸ್ ಬಿಟ್ಟು ಮ್ಯಾಕ್ ಹಿಡಿಯುವ ಮುನ್ನ ಮಾನಿಟರ್ ನೋಡಿಕೊಳ್ಳಿ: ಒಬ್ಬ ಡಿಸೈನರ್‌ನ ದೀರ್ಘಾವಧಿ ವಿಮರ್ಶೆ

ಡಿಸೈನ್ ಕೆಲಸಕ್ಕೆ ಮ್ಯಾಕ್ ಬೇಕೇ ಬೇಕು ಎಂಬ ಮಾತಿಗೆ ಒಂದು ಕಾಲದಲ್ಲಿ ಗಟ್ಟಿ ಆಧಾರವಿತ್ತು. 1985ರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, 1987ರಲ್ಲಿ ಚಿತ್ರ ಬರೆಯುವ ಇಲ್ಲಸ್ಟ್ರೇಟರ್, 1990ರಲ್ಲಿ ಫೋಟೋ ತಿದ್ದುವ ಫೋಟೋಶಾಪ್ ಬಂದಾಗ ಮೂರೂ ಮೊದಲು ಕಾಲಿಟ್ಟದ್ದು ಮ್ಯಾಕಿಂಟಾಷ್ ಯಂತ್ರಗಳಲ್ಲೇ. ಆ ಆಧಾರ ಕರಗಿ ಬಹಳ ಕಾಲವಾಯಿತು. ಇಲ್ಲಸ್ಟ್ರೇಟರ್, ಫೋಟೋಶಾಪ್‌ಗಳ ತಯಾರಕ ಅಡೋಬಿಗೆ ಚಂದಾ ಕಟ್ಟಿದವರು ಅದೇ ಖಾತೆಯಿಂದ ಎರಡೂ ಕಡೆ ತಂತ್ರಾಂಶ ಇಳಿಸಿಕೊಳ್ಳಬಹುದು, ಆ್ಯಪ್‌ಗಳ ಪರದೆ ವಿನ್ಯಾಸಕ್ಕೆ ಬಳಸುವ ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುತ್ತದೆ, ಚಿತ್ರ ಬರೆಯುವ ಕೋರೆಲ್‌ಡ್ರಾ ಕೂಡ 2019ರಲ್ಲಿ ಮ್ಯಾಕ್‌ಗೆ ಮರಳಿತು. ಬಹುಕಾಲ ವಿಂಡೋಸ್‌ನಲ್ಲಿ ದುಡಿದು, ಈಗ ಕೆಲವು ವರ್ಷಗಳಿಂದ ಮುದ್ರಣದ ವಿನ್ಯಾಸವನ್ನೂ ಆ್ಯಪ್‌ಗಳ ಇಂಟರ್‌ಫೇಸ್ ವಿನ್ಯಾಸವನ್ನೂ ಮ್ಯಾಕ್‌ನಲ್ಲೇ ಮಾಡುತ್ತಿರುವ ನನಗೆ ಈ ತಂತ್ರಾಂಶಗಳ ಒಳಗಿನ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ವ್ಯತ್ಯಾಸವೆಲ್ಲ ಇರುವುದು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಓಡಾಡುವ ಹಾದಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮಾಡಿದ್ದನ್ನು ಕಣ್ಣಿಗೆ ತೋರಿಸುವ ಪರದೆಯಲ್ಲಿ. ಪ್ರೊಸೆಸರ್ ವೇಗ, ಕೋರ್‌ಗಳ ಲೆಕ್ಕ, ಬ್ಯಾಟರಿಯ ಬಾಳಿಕೆ ಇವನ್ನೆಲ್ಲ ಓದುಗರು ಬೇರೆಡೆ ಸಾಕಷ್ಟು ಓದಿರುತ್ತಾರೆಂದು ಬಿಟ್ಟಿದ್ದೇನೆ.

ಮೊದಲು ಸಂತೋಷದ ಸಂಗತಿ. ವೇದಿಕೆ ಬದಲಿಸಿದವರಲ್ಲಿ ಹಲವರು ದೊಡ್ಡ ದೊಡ್ಡ ಗುಣಗಳನ್ನು ಪಟ್ಟಿ ಮಾಡುತ್ತಾರೆ. ನನ್ನನ್ನು ಗೆದ್ದದ್ದು ಸ್ಪೇಸ್‌ಬಾರ್. ದಿನದ ಕೆಲಸ ಶುರುವಾಗುವುದೇ ಯಾರೋ ಕಳಿಸಿದ ಒಂದು ಫೋಲ್ಡರ್‌ನಿಂದ. ಅದರೊಳಗೆ ಲೋಗೋದ ನಾಲ್ಕಾರು ರೂಪಗಳು, ಹೆಸರಿನಿಂದ ಏನೂ ಗೊತ್ತಾಗದ ಚಿತ್ರಗಳು, ಹಳೆಯ ಕರಪತ್ರದ ಪಿಡಿಎಫ್, ಜೊತೆಗೆ ಯಾವುದೋ ಫೋಟೋಶಾಪ್ ಫೈಲು ತುಂಬಿರುತ್ತವೆ. ಮ್ಯಾಕ್‌ನ ಫೈಲು ಕಿಟಕಿಯಾದ ಫೈಂಡರ್‌ನಲ್ಲಿ ಮೊದಲ ಫೈಲನ್ನು ಆರಿಸಿ ಸ್ಪೇಸ್‌ಬಾರ್ ಒತ್ತಿದರೆ ಅದು ದೊಡ್ಡದಾಗಿ ಎದುರು ನಿಲ್ಲುತ್ತದೆ. ಕೆಳಗಿನ ಬಾಣದ ಕೀಲಿ ಒತ್ತುತ್ತ ಹೋದಂತೆ ಒಂದರ ಹಿಂದೆ ಒಂದು ಫೈಲು ಅದೇ ಕಿಟಕಿಯಲ್ಲಿ ಬದಲಾಗುತ್ತದೆ. ಮತ್ತೊಮ್ಮೆ ಸ್ಪೇಸ್‌ಬಾರ್ ಒತ್ತಿದರೆ ಮಾಯ. ಪಿಡಿಎಫ್ ಹೊಂದಾಣಿಕೆಯೊಂದಿಗೆ ಉಳಿಸಿದ ಇಲ್ಲಸ್ಟ್ರೇಟರ್ ಫೈಲು, ಪದರಗಳಿರುವ ಫೋಟೋಶಾಪ್ ಫೈಲು ಎರಡೂ ಹೀಗೆಯೇ ಕಾಣುತ್ತವೆ, ಯಾವ ತಂತ್ರಾಂಶವನ್ನೂ ತೆರೆಯಬೇಕಿಲ್ಲ. ಕ್ವಿಕ್ ಲುಕ್ ಎಂಬ ಈ ಸೌಲಭ್ಯ 2007ರಿಂದಲೂ ಅಲ್ಲಿದೆ. ವಿಂಡೋಸ್‌ನ ಎಕ್ಸ್‌ಪ್ಲೋರರ್ ಫೋಟೋಶಾಪ್ ಫೈಲಿಗೆ ತಾನಾಗಿ ಕಿರುಚಿತ್ರ ತೋರಿಸುವುದಿಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನಲ್ಲಿ ಪೀಕ್ ಎಂಬ ಇಂಥದೇ ಸಾಧನ ಸೇರಿದ್ದರಿಂದ ಅಂತರ ಕಡಿಮೆಯಾಗಿದೆ, ಆದರೂ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಕೆಲವು ಸೆಕೆಂಡುಗಳ ಉಳಿತಾಯವೆಂದು ಇದನ್ನು ಅಳೆಯಬಾರದು. ಫೋಟೋಶಾಪ್ ತೆರೆದುಕೊಳ್ಳುವುದನ್ನು ಕಾಯುವ ಬದಲು ಚಿತ್ರಗಳನ್ನೇ ಒಂದರ ಪಕ್ಕ ಒಂದರಂತೆ ತೂಗಿ ನೋಡುವ ಅಭ್ಯಾಸ ನನಗೆ ಬಂದದ್ದು ಇದರಿಂದಲೇ.

ಕೀಲಿಗಳ ವಿಷಯವನ್ನು ಬೇಗ ಮುಗಿಸಬಹುದು. ಕಂಟ್ರೋಲ್ ಕೀಲಿಯನ್ನು ಕಿರುಬೆರಳಿನಿಂದ ಒತ್ತುತ್ತಿದ್ದ ಕೈ ಕಮಾಂಡ್ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತುವುದಕ್ಕೆ ಹೊಂದಿಕೊಳ್ಳುತ್ತದೆ, ಆಮೇಲೆ ಅದೇ ಹಾಯೆನಿಸುತ್ತದೆ. ಹೊಂದಿಕೊಳ್ಳದೆ ಕಾಡುವುದು ಎಂಟರ್ ಕೀಲಿ. ವಿಂಡೋಸ್‌ನಲ್ಲಿ ಅದು ಫೈಲನ್ನು ತೆರೆದರೆ ಫೈಂಡರ್‌ನಲ್ಲಿ ಹೆಸರು ಬದಲಿಸಲು ಕೂರುತ್ತದೆ. ಇದಕ್ಕಿಂತ ಎಚ್ಚರ ಬೇಕಾದದ್ದು ಫೋಲ್ಡರ್ ನಕಲಿನಲ್ಲಿ. ಒಂದೇ ಹೆಸರಿನ ಫೋಲ್ಡರನ್ನು ಇನ್ನೊಂದರ ಮೇಲೆ ಎಳೆದು ಹಾಕಿದಾಗ ವಿಂಡೋಸ್ ಎರಡನ್ನೂ ಕೂಡಿಸುತ್ತದೆ. ಮ್ಯಾಕ್‌ನಲ್ಲಿ ಬದಲಿಸು ಎಂಬುದನ್ನು ಒತ್ತಿದರೆ ಹಳೆಯ ಫೋಲ್ಡರ್ ಪೂರ್ತಿ ಹೋಗಿ ಹೊಸದು ಅದರ ಜಾಗದಲ್ಲಿ ಕೂರುತ್ತದೆ, ಹೊಸದರಲ್ಲಿ ಇಲ್ಲದ ಫೈಲುಗಳೂ ಹಳೆಯದರ ಜೊತೆಗೇ ಹೋಗುತ್ತವೆ. ಚಿತ್ರಗಳ ಫೋಲ್ಡರನ್ನು ಹಂತಹಂತವಾಗಿ ತುಂಬಿಸಿಕೊಳ್ಳುವ ಡಿಸೈನರ್‌ಗಳು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಈಗ ನನ್ನ ಮುಖ್ಯ ಅಸಮಾಧಾನಕ್ಕೆ ಬರುತ್ತೇನೆ. ಹೊಸ ವೇದಿಕೆಗೆ ಹೋಗುವವರು ಕಂಪ್ಯೂಟರನ್ನು ಮಾತ್ರ ಬದಲಿಸಿ, ಮೇಜಿನ ಮೇಲಿರುವ ಮಾನಿಟರನ್ನು ಹಾಗೆಯೇ ಇಟ್ಟುಕೊಳ್ಳುವುದು ವಾಡಿಕೆ. ನಾನೂ ಹಾಗೆಯೇ ಮಾಡಿದೆ, ಏಕೆಂದರೆ ನನ್ನ 27 ಇಂಚಿನ 4ಕೆ (3840×2160 ಪಿಕ್ಸೆಲ್) ಪರದೆಗೆ ಏನೂ ಆಗಿರಲಿಲ್ಲ. ಮ್ಯಾಕ್‌ಗೆ ಜೋಡಿಸಿದ ಕ್ಷಣದಿಂದ ಆ ಪರದೆಯ ಮೇಲಿನ ಅಕ್ಷರಗಳ ಅಂಚಿನಲ್ಲಿ ಏನೋ ಮಸುಕು ಕಾಣಿಸತೊಡಗಿತು. ಕೇಬಲ್ ಬದಲಿಸಿದರೂ, ಪೋರ್ಟ್ ಬದಲಿಸಿದರೂ ಅದು ಹೋಗಲಿಲ್ಲ. ಪರದೆಯಲ್ಲೂ ಯಂತ್ರದಲ್ಲೂ ದೋಷವಿರಲಿಲ್ಲ. ಎರಡು ವ್ಯವಸ್ಥೆಗಳು ಚಿತ್ರವನ್ನು ಹಿಗ್ಗಿಸುವ ಕ್ರಮವೇ ಬೇರೆ.

ಮ್ಯಾಕ್‌ನ ಇಂಟರ್‌ಫೇಸ್ ಎರಡು ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ: ಇಂಚಿಗೆ ಸುಮಾರು 110 ಪಿಕ್ಸೆಲ್, ಇಲ್ಲವೇ ಅದರ ಸರಿಯಾಗಿ ಎರಡು ಪಟ್ಟು. 27 ಇಂಚಿನ 5ಕೆ (5120×2880) ಪರದೆಯಲ್ಲಿ ಇಂಚಿಗೆ 218 ಪಿಕ್ಸೆಲ್ ಇರುವುದರಿಂದ ಅದು ಈ ಎರಡನೆಯ ಅಳತೆಗೆ ಹೇಳಿ ಮಾಡಿಸಿದಂತಿದೆ. ಅದೇ ಗಾತ್ರದ 4ಕೆ ಪರದೆಯಲ್ಲಿರುವುದು 163, ಅಂದರೆ ಅತ್ತವೂ ಅಲ್ಲ, ಇತ್ತವೂ ಅಲ್ಲ. ಅಕ್ಷರ ಮತ್ತು ಮೆನುಗಳು ಹಿತವಾದ ಗಾತ್ರದಲ್ಲಿ ಕಾಣಲೆಂದು 2560×1440ರ ನೋಟವನ್ನು, ಅಂದರೆ ಅಷ್ಟು ಪಿಕ್ಸೆಲ್‌ಗಳ ಪರದೆಯಲ್ಲಿ ಕಾಣುವ ಗಾತ್ರವನ್ನು, ಆರಿಸಿದರೆ ಮ್ಯಾಕ್ ಮೊದಲು ಇಡೀ ಡೆಸ್ಕ್‌ಟಾಪನ್ನು 5120×2880 ಅಳತೆಯಲ್ಲಿ ಬರೆದುಕೊಂಡು, ಬಳಿಕ ಅದನ್ನು ಪರದೆಯ ನಿಜವಾದ 3840×2160ಕ್ಕೆ ಕುಗ್ಗಿಸಿ ತೋರಿಸುತ್ತದೆ. ನಾಲ್ಕು ಪಿಕ್ಸೆಲ್ ಮೂರಾಗುವ ಈ ಲೆಕ್ಕದಲ್ಲಿ ಯಾವ ಅಂಚೂ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ವಿಂಡೋಸ್‌ನಲ್ಲಿ ಇದೇ ಪರದೆಗೆ 150 ಪ್ರತಿಶತ ಹಿಗ್ಗುವಿಕೆ ಕೊಟ್ಟರೆ ಅದಕ್ಕೆ ಒಗ್ಗಿದ ತಂತ್ರಾಂಶಗಳು ನೇರವಾಗಿ 3840×2160 ಪಿಕ್ಸೆಲ್‌ಗಳ ಮೇಲೆಯೇ ಬರೆಯುತ್ತವೆ, ಆದ್ದರಿಂದ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಒಗ್ಗದ ಹಳೆಯ ತಂತ್ರಾಂಶಗಳು ಅಲ್ಲಿಯೂ ಮಸುಕಾಗುತ್ತವೆ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಪತ್ರ ಬರೆಯುವವರಿಗೆ, ಲೆಕ್ಕ ಮಾಡುವವರಿಗೆ ಇದು ಗಮನಕ್ಕೂ ಬಾರದ ಸಂಗತಿ. ಡಿಸೈನರ್‌ಗೆ ಮಾತ್ರ ಇದು ಕೆಲಸದ ಮಧ್ಯಕ್ಕೇ ಬಂದು ಕೂರುತ್ತದೆ. ಫೋಟೋಶಾಪ್‌ನಲ್ಲಿ ಚಿತ್ರವನ್ನು 100 ಪ್ರತಿಶತದಲ್ಲಿ ನೋಡುವುದೆಂದರೆ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸಮ ಎಂಬ ನಂಬಿಕೆಯ ಮೇಲೆ ನಾವು ಚುರುಕುಗೊಳಿಸುವ ಪ್ರಮಾಣವನ್ನು, ನಾಯ್ಸ್ (ಚಿತ್ರದ ಕಾಳುಕಾಳು ಚುಕ್ಕಿಗಳು) ತೆಗೆಯುವ ಮಟ್ಟವನ್ನು ನಿರ್ಧರಿಸುತ್ತೇವೆ. ಮೇಲೆ ಹೇಳಿದ ನೋಟದಲ್ಲಿ ಆ ಸಮೀಕರಣ ಮುರಿಯುತ್ತದೆ. ಚಿತ್ರದ ಪಿಕ್ಸೆಲ್ ಪರದೆಯ ಮುಕ್ಕಾಲು ಪಿಕ್ಸೆಲ್ ಆಗಿರುತ್ತದೆ, ನೋಡುತ್ತಿರುವುದು ಕುಗ್ಗಿದ ಚಿತ್ರವಾಗಿರುತ್ತದೆ. ಇಂಟರ್‌ಫೇಸ್ ವಿನ್ಯಾಸದಲ್ಲಿ ಪರಿಣಾಮ ಇನ್ನೂ ನೇರ: ಬಿಳಿಯ ಮೇಲೆ ಎಳೆದ ಒಂದು ಪಿಕ್ಸೆಲ್‌ನ ಕಪ್ಪು ಗೆರೆ ಕೆಲವು ಕಡೆ ಗಾಢವಾಗಿ, ಕೆಲವು ಕಡೆ ಪಕ್ಕದ ಪಿಕ್ಸೆಲ್‌ಗೆ ಹರಡಿ ಬೂದಾಗಿ ಕಾಣುತ್ತದೆ. ಒಂದು ಫಾರ್ಮ್‌ನ ಕೋಶಗಳಿಗೆ ಅಂಚು ಕೊಟ್ಟಾಗ ಮೇಲಿನ ಕೋಶದ ಗೆರೆಯೂ ಕೆಳಗಿನದರ ಗೆರೆಯೂ ಬೇರೆ ಬೇರೆ ದಪ್ಪದವೆಂಬಂತೆ ತೋರುತ್ತಿದ್ದುದರಿಂದ, ಫೈಲಿನಲ್ಲಿ ಎರಡೂ ಒಂದೇ ಎಂದು ಸಂಖ್ಯೆಗಳನ್ನು ಓದಿ ದೃಢಪಡಿಸಿಕೊಳ್ಳಬೇಕಾಗುತ್ತಿತ್ತು. ಕಣ್ಣನ್ನು ನಂಬಿ ಬದುಕುವ ಕಸುಬಿನಲ್ಲಿ ಕಣ್ಣನ್ನು ನಂಬಲಾಗದಿದ್ದರೆ ಯಂತ್ರದ ವೇಗವನ್ನು ಕಟ್ಟಿಕೊಂಡು ಏನು ಮಾಡುವುದು?

ಇದಕ್ಕೆ ಮೂರು ದಾರಿಗಳುಂಟು, ಮೂರಕ್ಕೂ ಒಂದೊಂದು ಬೆಲೆಯುಂಟು. 1920×1080ರ ನೋಟವನ್ನು ಆರಿಸಿದರೆ 4ಕೆ ಪರದೆಗೆ ಸರಿಯಾಗಿ ಎರಡರಷ್ಟಾಗಿ ಎಲ್ಲವೂ ಚೊಕ್ಕವಾಗಿ ಕಾಣುತ್ತದೆ, ಆದರೆ ಪ್ಯಾನೆಲ್‌ಗಳು ದೊಡ್ಡದಾಗಿ ಬೆಳೆದು ಕ್ಯಾನ್ವಾಸ್‌ಗೆ ಜಾಗ ಉಳಿಯುವುದಿಲ್ಲ. 2560×1440ರ ಸಾಮಾನ್ಯ ಪರದೆಯನ್ನೇ ಬಳಸಿದರೆ ಪಿಕ್ಸೆಲ್ ಲೆಕ್ಕ ನೇರವಾಗುತ್ತದೆ, ಆದರೆ 2018ರ ಮೊಹಾವಿ ಆವೃತ್ತಿಯಲ್ಲಿ ಉಪಪಿಕ್ಸೆಲ್‌ಗಳ (ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಭಾಗಗಳ) ನೆರವಿನಿಂದ ಅಕ್ಷರ ನಯಗೊಳಿಸುವ ಕ್ರಮವನ್ನು ಕೈಬಿಟ್ಟ ಮೇಲೆ ಇಂಥ ಪರದೆಗಳಲ್ಲಿ ಸಣ್ಣ ಅಕ್ಷರಗಳು ಅಷ್ಟು ಸ್ಫುಟವಾಗಿರುವುದಿಲ್ಲ. ಮೂರನೆಯದು 5ಕೆ ಪರದೆ. ಅದು ಸಮಸ್ಯೆಯನ್ನು ನಿವಾರಿಸುತ್ತದೆ, ಕಿಸೆಯನ್ನೂ ಹಗುರ ಮಾಡುತ್ತದೆ. ನಾನು ಈಗ ಅನುಸರಿಸುತ್ತಿರುವುದು ಇವುಗಳ ನಡುವಿನ ಒಂದು ಹೊಂದಾಣಿಕೆ: ಜೋಡಣೆಯ ಕೆಲಸಕ್ಕೆಲ್ಲ ದೊಡ್ಡ ಪರದೆ, ಚಿತ್ರದ ಸೂಕ್ಷ್ಮ ನೋಡಬೇಕಾದಾಗ ಎರಡರಷ್ಟರ ನೋಟಕ್ಕೆ ಹೊಂದಿಸಿಟ್ಟ ಲ್ಯಾಪ್‌ಟಾಪ್‌ನ ಸ್ವಂತ ಪರದೆ. ಕುತ್ತಿಗೆಗೆ ಇದು ಒಳ್ಳೆಯದಲ್ಲ.

ಇಷ್ಟು ಬೈದ ಮೇಲೂ ನಾನು ಹಿಂತಿರುಗದಿರುವುದಕ್ಕೆ ಕಾರಣ ಬಣ್ಣ. ಮ್ಯಾಕ್‌ನಲ್ಲಿ ಬಣ್ಣ ನಿರ್ವಹಣೆ ವ್ಯವಸ್ಥೆಯ ಮಟ್ಟದಲ್ಲೇ ನಡೆಯುತ್ತದೆ. ಪರದೆಯ ಪ್ರೊಫೈಲ್ (ಅದು ಬಣ್ಣ ತೋರಿಸುವ ರೀತಿಯ ವಿವರವಿರುವ ಫೈಲು) ಒಂದು ಸಲ ಸರಿಯಾಗಿದ್ದರೆ ಫೈಂಡರ್‌ನ ಕಿರುಚಿತ್ರ, ಪ್ರಿವ್ಯೂ, ಬ್ರೌಸರ್, ಫೋಟೋಶಾಪ್ ಎಲ್ಲವೂ ಒಂದೇ ಕೆಂಪನ್ನು ಕೆಂಪೆಂದು ತೋರಿಸುತ್ತವೆ. ವಿಂಡೋಸ್‌ನಲ್ಲಿ ಬಹುಕಾಲದಿಂದ ಇದು ಆಯಾ ತಂತ್ರಾಂಶದ ಹೊಣೆ; ಹೊಣೆ ಹೊರದ ತಂತ್ರಾಂಶಗಳು ಚಿತ್ರದ ಸಂಖ್ಯೆಗಳನ್ನು ಹಾಗೆಯೇ ಪರದೆಗೆ ದಾಟಿಸುವುದರಿಂದ, ಬಣ್ಣದ ವ್ಯಾಪ್ತಿ ಹೆಚ್ಚಿರುವ ಪರದೆಗಳಲ್ಲಿ ಮುಖದ ಬಣ್ಣ ಬಿಸಿಲಿಗೆ ಕೆಂಡವಾದಂತೆ ಕಾಣುವುದುಂಟು. ವಿಂಡೋಸ್ 11ರಲ್ಲಿ ಸ್ವಯಂಚಾಲಿತ ಬಣ್ಣ ನಿರ್ವಹಣೆ ಬಂದಿದೆ, ಅದಕ್ಕೆ ಹೊಂದುವ ಯಂತ್ರ ಮತ್ತು ಪರದೆ ಇದ್ದವರು ಅದನ್ನು ಚಾಲೂ ಮಾಡಿ ನೋಡಬೇಕು. ಹಳೆಯ ಫೈಲುಗಳು ಎರಡು ಕಡೆ ಬೇರೆ ಬೇರೆ ಹೊಳಪಿನಲ್ಲಿ ಕಾಣುತ್ತವೆ ಎಂಬ ದೂರು ಈಗಲೂ ಕೇಳಿಬರುತ್ತದೆ. ಅದರ ಮೂಲವಾಗಿದ್ದ 1.8ರ ಗಾಮಾ (ನಡುಮಟ್ಟದ ಹೊಳಪನ್ನು ನಿರ್ಧರಿಸುವ) ಮೌಲ್ಯವನ್ನು ಮ್ಯಾಕ್ 2009ರಲ್ಲೇ ಬಿಟ್ಟು ಎಲ್ಲರಂತೆ 2.2ಕ್ಕೆ ಬಂದಿದೆ. ಅನುಮೋದನೆಗೆಂದು ಕಳಿಸಿದ ಚಿತ್ರದ ಬಗ್ಗೆ ನನ್ನ ಪರದೆಯಲ್ಲೇ ಎರಡು ತಂತ್ರಾಂಶಗಳು ಎರಡು ಮಾತಾಡದೇ ಇರುವುದು ಮುದ್ರಣದ ಕೆಲಸದಲ್ಲಿ ದೊಡ್ಡ ನೆಮ್ಮದಿ. ಮಸುಕಾದ ಅಂಚನ್ನು ಸಂಖ್ಯೆ ಓದಿ ಪರೀಕ್ಷಿಸಬಹುದು, ತಪ್ಪಿದ ಬಣ್ಣವನ್ನು ಹಾಗೆ ಹಿಡಿಯುವುದು ಕಷ್ಟ.

ಕನ್ನಡ ಪಠ್ಯ ಜೋಡಿಸುವವರಿಗೆ ಪ್ರತ್ಯೇಕವಾಗಿ ಒಂದೆರಡು ಮಾತು. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡ್‌ನ ಪಠ್ಯಕ್ಕೆ ಎರಡೂ ವೇದಿಕೆಗಳು ಸಮ. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ ಇದ್ದಂತೆ ಮ್ಯಾಕ್‌ನಲ್ಲಿ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಫಾಂಟ್‌ಗಳಿವೆ, ಅಡೋಬಿಯ ಪುಟ ಜೋಡಣೆ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಎರಡೂ ಕಡೆ ಮೊದಲು ನೋಡಬೇಕಾದದ್ದು ಪ್ಯಾರಾಗ್ರಾಫ್ ಆಯ್ಕೆಗಳಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್. ತೊಡಕಿರುವುದು ಯೂನಿಕೋಡ್‌ಗೆ ಮೊದಲಿನ ಪಠ್ಯದಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಆ ಫಾಂಟ್‌ಗಳನ್ನು ಮ್ಯಾಕ್‌ಗೆ ಹಾಕಿಕೊಂಡು ಹಳೆಯ ಪುಟಗಳನ್ನು ನೋಡಬಹುದಾದರೂ, ಅವುಗಳಲ್ಲಿ ಬೆರಳಚ್ಚು ಮಾಡಿ ತಿದ್ದಲು ಬೇಕಾದ ನುಡಿಯಂಥ ಸಾಧನ ವಿಂಡೋಸ್‌ಗಾಗಿ ಮಾಡಿದ್ದು. ಹಳೆಯ ಪುಸ್ತಕಗಳ ಮರುಮುದ್ರಣವೇ ಪ್ರಧಾನ ಕೆಲಸವಾಗಿದ್ದವರು ವೇದಿಕೆ ಬದಲಿಸುವ ಅವಸರಕ್ಕೆ ಬೀಳಬಾರದು. ಟೈಪ್ 1 ಎಂಬ ಹಳೆಯ ಮಾದರಿಯ ಫಾಂಟ್‌ಗಳನ್ನು ಕೂಡಿಟ್ಟವರಿಗಂತೂ ವೇದಿಕೆಯ ಆಯ್ಕೆಯಿಂದ ಲಾಭವಿಲ್ಲ, ಅಡೋಬಿ 2023ರ ಜನವರಿಯಲ್ಲಿ ಅವುಗಳಿಗೆ ಬೆಂಬಲವನ್ನು ಎರಡೂ ಕಡೆ ನಿಲ್ಲಿಸಿದೆ.

ಫೈಲು ಕೊಟ್ಟು ತೆಗೆದುಕೊಳ್ಳುವಲ್ಲಿ ಸಣ್ಣಪುಟ್ಟ ಕಿರಿಕಿರಿಗಳು ಉಳಿದಿವೆ. ಮ್ಯಾಕ್‌ನಲ್ಲಿ ಜಿಪ್ ಮಾಡಿದ ಫೋಲ್ಡರನ್ನು ವಿಂಡೋಸ್‌ನಲ್ಲಿ ಬಿಚ್ಚಿದವರಿಗೆ ಚುಕ್ಕಿಯಿಂದ ಶುರುವಾಗುವ ಹೆಸರಿನ ಅಪರಿಚಿತ ಫೈಲುಗಳು ಕಾಣಿಸಿ, ಇವೇನು ಎಂಬ ಪ್ರಶ್ನೆ ಬರುತ್ತದೆ. ವಿಂಡೋಸ್ ಫೈಲಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಒಪ್ಪುವುದಿಲ್ಲವಾದ್ದರಿಂದ ‘ಇದೇ ಕೊನೆಯದಾ?’ ಎಂದು ಹೆಸರಿಟ್ಟು ಕಳಿಸುವ ಅಭ್ಯಾಸವನ್ನು ಬಿಡಬೇಕು. ನಮ್ಮ ಕಸುಬಿನಲ್ಲಿ ಆ ಹೆಸರು ಎಂದೂ ನಿಜವಾದದ್ದೂ ಇಲ್ಲ. ಹೊರಗಿನ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ಅದರ ಮೇಲೆ ಬರೆಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ. ಚಂದಾ ಇಲ್ಲದ, ಒಂದೇ ಸಲ ಹಣ ಕೊಟ್ಟು ಕೊಂಡ ಪ್ಲಗಿನ್‌ಗಳ (ತಂತ್ರಾಂಶಕ್ಕೆ ಜೋಡಿಸುವ ಹೆಚ್ಚುವರಿ ಸಾಧನಗಳ) ಲೈಸೆನ್ಸ್ ಇನ್ನೊಂದು ವೇದಿಕೆಗೆ ದಾಟುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದೂ ಅಗತ್ಯ. ನಾನು ದಿನವೂ ಬಳಸುತ್ತಿದ್ದ ಒಂದು ಪುಟ್ಟ ಪ್ಲಗಿನ್‌ನ ತಯಾರಕರು ಮ್ಯಾಕ್ ಆವೃತ್ತಿಗೆ ಮತ್ತೊಮ್ಮೆ ಪೂರ್ತಿ ಹಣ ಕೇಳಿದರು.

ಇಷ್ಟರ ಮೇಲೆ ಯಾರು ಬದಲಿಸಬೇಕು ಎಂಬುದು ಕೆಲಸದ ಬಗೆಯನ್ನು ಅವಲಂಬಿಸಿದೆ. ಮೂರು ಆಯಾಮದ ಚಿತ್ರ ಮಾಡುವ 3ಡಿಎಸ್ ಮ್ಯಾಕ್ಸ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ನ CUDA ತಂತ್ರಜ್ಞಾನದ ನೆರವು ಬೇಡುವ ರೆಂಡರಿಂಗ್‌ಗೆ (ಅಂತಿಮ ಚಿತ್ರ ಮೂಡಿಸುವ ಕೆಲಸಕ್ಕೆ) ಈಗಿನ ಮ್ಯಾಕ್‌ಗಳಲ್ಲಿ ಜಾಗವಿಲ್ಲ, ಹಾಗಾಗಿ ಅಂಥವರು ಇರುವಲ್ಲೇ ಇರುವುದು ಲೇಸು. ಇಂಟರ್‌ಫೇಸ್ ವಿನ್ಯಾಸದ ಸ್ಕೆಚ್ ತಂತ್ರಾಂಶ ಬಳಸುವ ತಂಡ ಸೇರುವವರಿಗೆ ಮ್ಯಾಕ್ ಅನಿವಾರ್ಯ. ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳುತ್ತ ಹಳೆಯ ಯಂತ್ರವನ್ನೇ ಎಳೆದುಕೊಂಡು ಹೋಗುವ ನನ್ನಂಥ ಮಿತವ್ಯಯಿಗಳು ಗಮನಿಸಬೇಕಾದದ್ದೆಂದರೆ, ಆ್ಯಪಲ್ ಸಿಲಿಕಾನ್ (ಆ್ಯಪಲ್‌ನ ಸ್ವಂತ ಚಿಪ್) ಇರುವ ಯಂತ್ರಗಳಲ್ಲಿ ಮೆಮೊರಿ ಚಿಪ್‌ನ ಜೊತೆಗೇ ಕೂಡಿರುತ್ತದೆ, ಕೊಳ್ಳುವ ದಿನ ಆರಿಸಿದ್ದೇ ಕೊನೆಯವರೆಗೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದದ್ದರಿಂದ ಹೇಗೂ ಯಂತ್ರ ಬದಲಿಸಲೇಬೇಕಾದವರು ಈಗ ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಅವರಲ್ಲಿ 27 ಇಂಚಿನ 4ಕೆ ಮಾನಿಟರ್ ಇರುವವರು ಸಾಧ್ಯವಾದರೆ ಯಾರಿಂದಾದರೂ ಒಂದು ಮ್ಯಾಕ್ ಎರವಲು ತಂದು, ಅದನ್ನು ತಮ್ಮ ಪರದೆಗೇ ಜೋಡಿಸಿ, ತಮ್ಮದೇ ಒಂದು ಫೈಲು ತೆರೆದು, ಬಿಳಿಯ ಮೇಲೆ ಒಂದು ಪಿಕ್ಸೆಲ್‌ನ ಕಪ್ಪು ಗೆರೆ ಎಳೆದು ನೋಡಲಿ. ನಾನು ಮ್ಯಾಕ್‌ನಲ್ಲೇ ಉಳಿಯುತ್ತೇನೆ. ಹಳೆಯ ವಿಂಡೋಸ್ ಯಂತ್ರ ಪ್ರೆಸೆಂಟೇಶನ್‌ಗಳ ಫಾಂಟ್ ಪರೀಕ್ಷೆಗೂ ಹಳೆಯ ಕನ್ನಡ ಫೈಲುಗಳಿಗೂ ಪಕ್ಕದಲ್ಲಿರುತ್ತದೆ, ಮುಂದೆ ಕೈಗೆ ಬರುವ ಹಣ ಹೋಗುವುದು ಹೊಸ ಕಂಪ್ಯೂಟರ್‌ಗಲ್ಲ, 5ಕೆ ಪರದೆಗೆ.