ಪುನರ್ವಸು ಮಳೆಯಲ್ಲೂ ತೆರೆಯುವ ತಾಣಗಳು: ಹತ್ತು ವರ್ಷ ಬಳಸಿದ ಮೇಲೆ

ನಮ್ಮ ಮನೆ ಸಾಗರದಿಂದ ಒಳಗೆ, ಗುಡ್ಡದ ಬುಡದಲ್ಲಿ. ಜೂನ್ ಬಂತು ಅಂದರೆ ಕರೆಂಟು ಹೋಗೋದು ಬರೋದು ಮಾಡುತ್ತದೆ. ಫೋನಿನ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿಯುತ್ತದೆ, ಅದೂ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ವೆಬ್‌ಸೈಟ್ ಯಾವುದೇ ಇರಲಿ, ನಾನು ಮೊದಲು ನೋಡೋದು ಒಂದೇ: ಪುನರ್ವಸು ಮಳೆ ಹಿಡಿದಾಗ ಇದು ತೆರೆಯುತ್ತದಾ? ಹತ್ತು ವರ್ಷದಿಂದ ಬಿಡದೆ ನೋಡುತ್ತಿರುವ ತಾಣಗಳೆಲ್ಲ ಇದರಲ್ಲಿ ಪಾಸಾದವು.

ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಅಡಿಕೆ ಧಾರಣೆ. ಅದಕ್ಕೆ ಸರ್ಕಾರದ ಕೃಷಿ ಮಾರಾಟ ವಾಹಿನಿ. ನೋಡೋಕೆ ಚೆಂದ ಇಲ್ಲ, ಬರೀ ಕೋಷ್ಟಕ. ಆದರೆ ಸಾಗರ, ಶಿವಮೊಗ್ಗ, ಶಿರಸಿ ಅಂತ ಮಾರುಕಟ್ಟೆವಾರು ರಾಶಿ, ಚಾಲಿ, ಬೆಟ್ಟೆ, ಗೊರಬಲು, ಅಡಿಕೆಯ ಈ ಎಲ್ಲ ಬಗೆಗಳ ದರ ಕ್ವಿಂಟಾಲಿಗೆ ಎಷ್ಟು ಅಂತ ಸಿಗುತ್ತದೆ. ಹೊಸದಾಗಿ ನೋಡುವವರಿಗೆ ಒಂದು ಮಾತು. ಗರಿಷ್ಠ ದರ ನೋಡಿ ಮೂಟೆ ಗಾಡಿಗೆ ಹಾಕಬೇಡಿ. ಆ ದರ ಯಾರದೋ ಒಂದೆರಡು ಒಳ್ಳೆ ಮೂಟೆಗೆ ಸಿಕ್ಕಿದ್ದಿರಬಹುದು. ಪಕ್ಕದಲ್ಲಿರುವ ಮಾದರಿ ದರ ನೋಡಿ, ಜಾಸ್ತಿ ಮಾಲು ಹೋಗಿದ್ದು ಅದರ ಆಸುಪಾಸಿನಲ್ಲಿ.

ಸುದ್ದಿಗೆ ಪ್ರಜಾವಾಣಿ. 1948ರಿಂದ ಬರುತ್ತಿರುವ ಪತ್ರಿಕೆ, ಅಜ್ಜನ ಕಾಲದಿಂದ ಮನೆಯಲ್ಲಿ ಅದೇ. ಆದರೆ ಮಳೆಗಾಲದಲ್ಲಿ ಪೇಪರಿನ ಕಟ್ಟು ನಮ್ಮ ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ. ಹಾಗಾಗಿ ಫೋನಿನಲ್ಲೇ ಓದುತ್ತೇನೆ. ನಾನು ಮೊದಲು ಹೋಗೋದು ಜಿಲ್ಲೆಯ ಸುದ್ದಿಗೆ. ಜುಲೈನಲ್ಲಿ ನಮಗೆ ದೊಡ್ಡ ಸುದ್ದಿ ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ಎಷ್ಟಾಯಿತು ಅನ್ನೋದು. ಪೂರ್ತಿ ಮಟ್ಟ 1,819 ಅಡಿ. 1,800 ದಾಟಿತು ಅಂದರೆ ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ನಡುವೆ ಒಂದಷ್ಟು ತಿಂಗಳು ಇನ್ನೊಂದು ಸುದ್ದಿ ತಾಣ ನೋಡುತ್ತಿದ್ದೆ, ಹೆಸರು ಬೇಡ. ‘ಈ ಜಿಲ್ಲೆಗೆ ನಾಳೆ ರಜೆ’ ಅಂತ ತಲೆಬರಹ. ಯಾವ ಜಿಲ್ಲೆ ಅಂತ ತಿಳಿಯೋಕೆ ನಾಲ್ಕು ಜಾಹೀರಾತು, ತಾನಾಗಿ ಓಡುವ ಒಂದು ವಿಡಿಯೊ ದಾಟಬೇಕು. ಮಗಳು ಯೂನಿಫಾರಂ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಾಳೆ, ಪುಟ ಸುತ್ತುತ್ತಲೇ ಇದೆ. ಜಿಲ್ಲೆಯ ಹೆಸರನ್ನು ತಲೆಬರಹದಲ್ಲೇ ಹಾಕೋಕೆ ಏನು ಕಷ್ಟ ಹೇಳಿ? ಓದುಗರ ಹೊತ್ತಿಗೆ ಬೆಲೆ ಕೊಡದ ತಾಣ ನನಗೆ ಬೇಡ. ಅವತ್ತೇ ಬಿಟ್ಟೆ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ಕ್ರಿಕ್‌ಇನ್ಫೋ. 1993ರಲ್ಲಿ ಶುರುವಾದದ್ದು, ವಿಡಿಯೊ ಕಳಿಸುವಷ್ಟು ಇಂಟರ್‌ನೆಟ್ ಯಾರ ಮನೆಯಲ್ಲೂ ಇಲ್ಲದ ಕಾಲ. ಬಾಲ್ ಬಾಲ್‌ಗೂ ಅಕ್ಷರದಲ್ಲಿ ಕಾಮೆಂಟ್ರಿ ಕೊಡುವ ಪದ್ಧತಿ ಈಗಲೂ ಇದೆ. ನಮ್ಮ ಒಂದು ಕಡ್ಡಿಗೆ ಅಷ್ಟು ಸಾಕು. ಟೀವಿ ಡಿಶ್ ಮಳೆಗೆ ಕೈಕೊಟ್ಟ ದಿನ ಅಪ್ಪಯ್ಯ ಆರಾಮಕುರ್ಚಿ ಎಳೆದುಕೊಂಡು ಜಗಲಿಗೆ ಬರುತ್ತಾರೆ. ನಾನು ಇಂಗ್ಲಿಷ್ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ: ‘ಆಫ್ ಸ್ಟಂಪಿನ ಹೊರಗೆ, ಬಿಟ್ಟ.’ ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಹಿಂದೆ ರೇಡಿಯೊ ಕೇಳುತ್ತಿದ್ದ ಹಾಗೆ.

ಈ ತಾಣದ ನಿಜವಾದ ಸಂಪತ್ತು ಹಳೇ ಸ್ಕೋರ್‌ಕಾರ್ಡ್‌ಗಳು. 1877ರ ಮೊದಲ ಟೆಸ್ಟಿನಿಂದ ಹಿಡಿದು ಎಲ್ಲ ಇದೆ. ಒಂದು ಸಂಜೆ ಅಪ್ಪಯ್ಯ, ‘ಮದ್ರಾಸಲ್ಲಿ ವಿಶಿ ಹೊಡೆದದ್ದು ಸಿಗ್ತದಾ ನೋಡು, ಸೆಂಚುರಿಗೆ ಮೂರೇ ಕಮ್ಮಿ’ ಅಂದರು. ಹುಡುಕಿದೆ. 1975ರ ಜನವರಿ, ಚೆಪಾಕ್, ಎದುರಿಗೆ ವೆಸ್ಟ್ ಇಂಡೀಸ್. ಭಾರತ 190ಕ್ಕೆ ಆಲೌಟ್. ಅದರಲ್ಲಿ ಜಿ.ಆರ್. ವಿಶ್ವನಾಥ್ ಔಟಾಗದೆ 97. ಆ್ಯಂಡಿ ರಾಬರ್ಟ್ಸ್‌ಗೆ 64 ರನ್ನಿಗೆ ಏಳು ವಿಕೆಟ್. ಕೊನೆಗೆ ಭಾರತ 100 ರನ್ನಿನಿಂದ ಗೆದ್ದಿತು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೆಳಗೆ ಇಳಿದರು. ‘ಆಚೆ ಕಡೆ ಎಲ್ಲರೂ ಹೋದ್ರು, ಇವನೊಬ್ಬ ನಿಂತ’ ಅಂದರು. ಆಮೇಲೆ ಕೋಟ್ಲಾದಲ್ಲಿ ಕುಂಬ್ಳೆಯದು ತೆಗೆಸಿದರು. 1999ರ ಫೆಬ್ರುವರಿ 7, 26.3 ಓವರ್, 74 ರನ್, 10 ವಿಕೆಟ್. ಅದನ್ನು ಎರಡು ಸಲ ಓದಿಸಿದರು.

ರಾತ್ರಿ ಓದೋಕೆ ಕೆಂಡಸಂಪಿಗೆ. ಕತೆ, ಕವಿತೆ, ಅಂಕಣ ಅಂತ ದಿನಾ ಏನಾದರೂ ಹೊಸತು ಇರುತ್ತದೆ. ನನಗೆ ಅಂಕಣಗಳೇ ಹೆಚ್ಚು ಹಿಡಿಸುತ್ತವೆ. ಓದುವಾಗ ಅರ್ಥ ಗೊತ್ತಾಗದ ಪದ ಸಿಕ್ಕರೆ ಅಲರ್ ನಿಘಂಟು, ಇದೊಂದು ಮಾತ್ರ ಆಮೇಲೆ, 2019ರಲ್ಲಿ ಬಂದದ್ದು. ವಿ. ಕೃಷ್ಣ ಎಂಬವರು ದಶಕಗಳ ಕಾಲ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಇಂಗ್ಲಿಷ್ ಅರ್ಥದ ಜೊತೆ, ಪುಕ್ಕಟೆ. ಪುಟ ಹಗುರ, ಟೈಪ್ ಮಾಡಿದ ಕೂಡಲೇ ಅರ್ಥ ಬರುತ್ತದೆ. ಮಗಳ ಹೋಮ್‌ವರ್ಕಿಗೂ ಅದೇ.

ಕೊನೆಯದು ಇಂಟರ್‌ನೆಟ್ ಆರ್ಕೈವ್. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ರಾಶಿ ರಾಶಿ ಇವೆ. ಹುಡುಕುವಾಗ ಒಂದು ಉಪಾಯ ಬೇಕು. ಎಷ್ಟೋ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ, ಕಾಗುಣಿತ ಒಂದೊಂದರದು ಒಂದೊಂದು ಥರ. ಕನ್ನಡದಲ್ಲಿ ಹಾಕಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ರೀತಿ ಬರೆದು ನೋಡಿ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಈ ತಾಣ ಕೆಲವು ದಿನ ಮುಚ್ಚಿತ್ತು. ಅವತ್ತಿಂದ ಬೇಕಾದದ್ದನ್ನು ಇಳಿಸಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಸ್ಕ್ಯಾನ್ ಪುಸ್ತಕ ಭಾರ, ಒಂದು ಕಡ್ಡಿಗೆ ಇಳಿಯೋದಿಲ್ಲ. ಅದಕ್ಕೇ ಮೇ ತಿಂಗಳಲ್ಲಿ ಸಾಗರ ಪೇಟೆಗೆ ಹೋದಾಗಲೇ ಇಳಿಸಿಕೊಳ್ಳುತ್ತೇನೆ. ಈ ಸಲ ಕಟ್ಟಿಗೆ ಒಟ್ಟಿ ಆಯಿತು, ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿತು, ಫೋನಿನಲ್ಲಿ ಹದಿನಾಲ್ಕು ಪುಸ್ತಕ ಕೂತಿವೆ. ಅದರಲ್ಲಿ ಆರು ಯಕ್ಷಗಾನ ಪ್ರಸಂಗದ್ದು, ಅಪ್ಪಯ್ಯನಿಗೆ.