ಗಾಡಿಯ ತಲೆ ಮೇಲೆ ಇಬ್ಬರ ಬಿಡಾರ: ರೂಫ್‌ಟಾಪ್ ಟೆಂಟ್ ಲೇಹ್‌ವರೆಗೂ ಬಾಳುತ್ತದೆಯೇ?

ಅರವತ್ತರ ಆಸುಪಾಸಿನ ದಂಪತಿಗಳು ಬೆಂಗಳೂರಿನಿಂದ ಲೇಹ್‌ಗೆ ಸ್ವಂತ ಗಾಡಿಯಲ್ಲಿ ಹೊರಡುವುದು ಈಗ ಅಪರೂಪವೇನಲ್ಲ. ಹೊರಡುವ ಮುಂಚೆ ಹೆಚ್ಚಿನವರು ಕೇಳುವುದು ಒಂದೇ ಮಾತು: ಗಾಡಿಯ ಚಾವಣಿ ಮೇಲೆ ಕೂರಿಸುವ ರೂಫ್‌ಟಾಪ್ ಟೆಂಟ್ ಹಾಕಿಸಬಹುದಾ? ಹಾಕಿಸಬಹುದು. ಆದರೆ ಟೆಂಟಿನ ಯೋಗ್ಯತೆ ಗೊತ್ತಾಗುವುದು ರಾತ್ರಿ ಎರಡು ಗಂಟೆಗೆ ಏಣಿ ಇಳಿಯುವಾಗ, ಬೆಳಿಗ್ಗೆ ಆರಕ್ಕೆ ಮಡಚುವಾಗ. ಇವೆರಡರಲ್ಲಿ ಪಾಸಾದರೆ ಮಾತ್ರ ಕೊಳ್ಳಿ. ಇಲ್ಲಿ ಹೇಳುತ್ತಿರುವುದು ಪುಸ್ತಕದ ಹಾಗೆ ಬಿಚ್ಚಿಕೊಳ್ಳುವ, ಸುಮಾರು 140 ಸೆಂ.ಮೀ. ಅಗಲದ, ಇಬ್ಬರು ಮಲಗುವ ಕ್ಯಾನ್ವಾಸ್ ಟೆಂಟಿನ ಬಗ್ಗೆ.

ಮೊದಲು ಭಾರದ ಲೆಕ್ಕ. ಇಂಥ ಟೆಂಟ್ 50ರಿಂದ 60 ಕೆ.ಜಿ. ತೂಗುತ್ತದೆ. ಓಡುವಾಗ ಚಾವಣಿ ಎಷ್ಟು ಹೊರುತ್ತದೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಟೆಂಟನ್ನು ಹೊರಲು ಚಾವಣಿಗೆ ಅಡ್ಡಲಾಗಿ ಹಾಕುವ ಅಡ್ಡಪಟ್ಟಿಗಳ ತೂಕವೂ ಆ ಮಿತಿಯೊಳಗೇ ಬರಬೇಕು. ಚಾವಣಿಯ ಎರಡು ಬದಿಗೆ ಉದ್ದಕ್ಕೆ, ಬರೀ ಚಂದಕ್ಕೆಂದು ಅಂಟಿಸಿದ ರೂಫ್ ರೇಲ್‌ಗಳೂ ಇರುತ್ತವೆ. ಅವುಗಳ ಮೇಲೆ ಟೆಂಟ್ ಕೂರಿಸಬಾರದು. ಟೆಂಟಿನ ಅಡಿಯ ಎರಡು ಅಲ್ಯೂಮಿನಿಯಂ ಚಾನೆಲ್‌ಗಳನ್ನು ಅಡ್ಡಪಟ್ಟಿಗೆ ಹಿಡಿಸುವುದು ಸಾಮಾನ್ಯವಾಗಿ ಎಂಟು ಎಂ8 (8 ಮಿ.ಮೀ. ದಪ್ಪದ) ಬೋಲ್ಟುಗಳು, 13ರ ಸ್ಪ್ಯಾನರ್ ಸಾಕು. ನೈಲಾನ್ ಲಾಕ್ ಇರುವ ನಟ್ಟುಗಳನ್ನೇ ಹಾಕಿಸಿ. ಮೊದಲ ನೂರು ಕಿ.ಮೀ. ಆದ ಮೇಲೆ ಮತ್ತೆ ಬಿಗಿ ಮಾಡಲೇಬೇಕು, ಏಕೆಂದರೆ ಕ್ಲ್ಯಾಂಪಿನ ತಟ್ಟೆಗಳು ಓಡಾಟದಲ್ಲಿ ಕೂತು ಸಡಿಲವಾಗುತ್ತವೆ. ಮುಂದೆ ದಿನಾ ಬೆಳಿಗ್ಗೆ ಟಯರ್ ಗಾಳಿ ನೋಡುವಾಗ ಬೋಲ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ. ಗಾಡಿಯ ಎತ್ತರ 30 ಸೆಂ.ಮೀ.ಗೂ ಮೇಲೆ ಏರುತ್ತದೆ. ಹೋಟೆಲಿನ ಬೇಸ್‌ಮೆಂಟಿಗೆ, ಊರೊಳಗಿನ ರೈಲ್ವೆ ಕೆಳಸೇತುವೆಗೆ ನುಗ್ಗುವ ಮುಂಚೆ ಟೆಂಟ್ ಸೇರಿದ ಒಟ್ಟು ಎತ್ತರ ಬಾಯಿಪಾಠ ಇರಲಿ. ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು.

ಈಗ ಏಣಿ. ಟೆಂಟಿನ ಜೊತೆ ಬರುವುದು ಹೆಚ್ಚಾಗಿ ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ಏಣಿ. ಅದರ ಮೆಟ್ಟಿಲು ಸಣ್ಣ, ಬರಿಗಾಲಿಗೆ ಒತ್ತುತ್ತದೆ. ಫೋಮ್ ಸುತ್ತೋಣವೆಂದರೆ ಏಣಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮೊಣಕಾಲು ನೋವಿರುವವರು ಅಗಲ ಚಪ್ಪಟೆ ಮೆಟ್ಟಿಲಿನ, ಒಂದರ ಮೇಲೊಂದು ಸರಿದು ಉದ್ದವಾಗುವ ಏಣಿಯನ್ನೇ ಕೇಳಿ ಪಡೆಯಬೇಕು. ಜಾಸ್ತಿ ದುಡ್ಡು ಕೇಳಿದರೂ ಕೊಡಿ, ಇಡೀ ಟೆಂಟಿನಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಏಣಿಗೆ ಮುಖ ಮಾಡಿಯೇ ಇಳಿಯಬೇಕು, ಹಣೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡಿದ್ದರೆ ಎರಡೂ ಕೈ ಹಿಡಿತಕ್ಕೆ ಸಿಗುತ್ತವೆ. ರಾತ್ರಿ ಮೂತ್ರಕ್ಕೆ ಏಳುವವರೇ ಏಣಿಯ ಕಡೆ ಮಲಗಲಿ. ಇನ್ನೊಬ್ಬರನ್ನು ದಾಟುವ ಒದ್ದಾಟ ತಪ್ಪುತ್ತದೆ. ಟೆಂಟಿನ ಕೆಳಗೆ ಜಿಪ್ ಹಾಕಿ ಇಳಿಬಿಡುವ ಅನೆಕ್ಸ್ ಕೋಣೆಯನ್ನು ಅಂಗಡಿಯವರು ಬೇಕಿದ್ದರೆ ತಗೊಳ್ಳಿ ಎನ್ನುತ್ತಾರೆ. ಹೆಂಗಸರಿದ್ದರೆ ಅದು ಬೇಕೇ ಬೇಕು. ಅದರೊಳಗೆ ಒಂದು ಪೋರ್ಟಬಲ್ ಟಾಯ್ಲೆಟ್, ಒಂದು ಬಕೆಟ್ ನೀರು ಇಟ್ಟರೆ ಕತ್ತಲಲ್ಲಿ ಢಾಬಾ ಹಿಂದಕ್ಕೆ ನಡೆಯುವುದಿಲ್ಲ, ಬಟ್ಟೆ ಬದಲಿಸಲೂ ಜಾಗವಾಗುತ್ತದೆ.

ಬಿಚ್ಚುವುದು ಸುಲಭ, ಹತ್ತು ನಿಮಿಷದ ಕೆಲಸ. ಮಡಚುವುದರಲ್ಲೇ ಇದೆ ಕಷ್ಟ. ಒಬ್ಬರು ಏಣಿಯನ್ನೇ ಸನ್ನೆಗೋಲು ಮಾಡಿ ಎತ್ತಬೇಕು, ಇನ್ನೊಬ್ಬರು ಆಚೆ ಬದಿಯಲ್ಲಿ ಬೆಲ್ಟು ಎಳೆಯಬೇಕು, ಅಂಚಿನಿಂದ ಹೊರಚಾಚಿದ ಕ್ಯಾನ್ವಾಸನ್ನು ಒಳಕ್ಕೆ ತುರುಕಬೇಕು. ಬಟ್ಟೆ ಹೊರಗೆ ಉಳಿದರೆ ಕವರಿನ ಜಿಪ್ ಅದನ್ನು ಕಚ್ಚಿ ಹರಿಯುತ್ತದೆ. ಕವರ್ ಹಾಕುವಾಗ ಗಾಡಿಯ ಮೆಟ್ಟಿಲೇರಿ ನಿಲ್ಲಬೇಕಾಗುತ್ತದೆ, ಒಂದು ಮಡಚುವ ಸ್ಟೂಲ್ ಜೊತೆಗಿರಲಿ. ಧೂಳಿಗೆ ಜಿಪ್ ಬಿಗಿಯಾದರೆ ಎಣ್ಣೆ ಹಾಕಬೇಡಿ, ಎಣ್ಣೆ ಧೂಳನ್ನೇ ಹಿಡಿಯುತ್ತದೆ. ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಓಡುತ್ತದೆ.

ಚಳಿಯಲ್ಲಿ ಇಬ್ಬರ ಉಸಿರು ಒಳಗೋಡೆಯಲ್ಲಿ ನೀರಾಗಿ ಹಾಸಿಗೆಯ ಅಡಿಗೆ ಇಳಿಯುತ್ತದೆ. ಹಲಗೆಗೂ ಫೋಮಿಗೂ ನಡುವೆ ಗಾಳಿಯಾಡುವ ಜಾಲಿ ಮ್ಯಾಟ್ ಹಾಸಿ, ಎದುರುಬದುರು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದೇ ಮಲಗಿ. ಬೆಚ್ಚಗಾಗಲಿ ಎಂದು ಟೆಂಟಿನೊಳಗೆ ಸ್ಟವ್ ಅಥವಾ ಇದ್ದಿಲ ಅಗ್ಗಿಷ್ಟಿಕೆ ಹಚ್ಚುವುದಂತೂ ಖಂಡಿತ ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಒದ್ದೆ ಟೆಂಟನ್ನು ಮಡಚಿ ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಮಧ್ಯಾಹ್ನ ಊಟಕ್ಕೆ ನಿಂತಲ್ಲೇ ಬಿಚ್ಚಿ ಒಣಗಿಸಿ.

ಸ್ಲೀಪಿಂಗ್ ಬ್ಯಾಗ್ ವಿಷಯದಲ್ಲಿ ದಂಪತಿಗಳು ಸಾಮಾನ್ಯವಾಗಿ ಎಡವುತ್ತಾರೆ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷಿಸಿದ ಬ್ಯಾಗಿನ ಚೀಟಿಯಲ್ಲಿ ‘ಕಂಫರ್ಟ್’, ‘ಲಿಮಿಟ್’ ಎಂಬ ತಾಪಮಾನದ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಹೆಣ್ಣಿನ, ಎರಡನೆಯದು ಗಂಡಿನ ದೇಹದ ಲೆಕ್ಕ, ಅದೂ 25 ವರ್ಷದವರದ್ದು. ಅರವತ್ತಾದವರು ಇಬ್ಬರೂ ಕಂಫರ್ಟ್ ಅಂಕಿಯನ್ನೇ ನಂಬಿ, ರಾತ್ರಿಯ ತಾಪಮಾನ ಅದಕ್ಕಿಂತ ಐದು ಡಿಗ್ರಿ ಹೆಚ್ಚಿದ್ದರಷ್ಟೇ ಆ ಬ್ಯಾಗ್ ಸಾಕೆಂದು ಲೆಕ್ಕ ಹಾಕುವುದು ಕ್ಷೇಮ. ಎರಡನ್ನು ಕೂಡಿಸಿ ಒಂದೇ ಹಾಸಿಗೆ ಮಾಡಿಕೊಳ್ಳುವುದಿದ್ದರೆ ಒಂದರ ಜಿಪ್ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಇರುವ ಒಂದೇ ಮಾದರಿಯ ಜೋಡಿ ಬೇಕು.

ಅಡುಗೆಗೆ ಬರೀ ಬ್ಯೂಟೇನ್ ಕ್ಯಾನ್ ನಂಬಿ ಲಡಾಖಿಗೆ ಹೋಗಬೇಡಿ. ಚಳಿ ಹೆಚ್ಚಾದರೆ ಬ್ಯೂಟೇನ್ ಸರಿಯಾಗಿ ಅನಿಲವಾಗುವುದಿಲ್ಲ. ಪ್ರೊಪೇನ್ ಬೆರೆತ ಕ್ಯಾನ್ ಆಗಬೇಕು. ಲೇಹ್ ಎತ್ತರ ಸುಮಾರು 3,500 ಮೀಟರ್, ಅಲ್ಲಿ ನೀರು 88 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಬೇಯದು, ಮೂರು ಲೀಟರಿನ ಕುಕ್ಕರ್ ಒಯ್ಯಿರಿ.

ಈ ಟೆಂಟ್ ಎಲ್ಲ ಕಡೆಯೂ ಕೆಲಸಕ್ಕೆ ಬರುವುದಿಲ್ಲ. ಮೇ ತಿಂಗಳ ನಾಗಪುರದಲ್ಲಿ ಅದರೊಳಗೆ ಮಲಗಲು ಆಗದು, ಎಸಿ ರೂಮ್ ಹಿಡಿಯಿರಿ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಹೊರಟರೆ ಬಯಲಿನ ಸೆಕೆ ತಗ್ಗಿರುತ್ತದೆ, ಲಡಾಖಿನ ರಸ್ತೆಯೂ ತೆರೆದಿರುತ್ತದೆ. ಅರಣ್ಯದ ಜಾಗದಲ್ಲಿ ಅನುಮತಿಯಿಲ್ಲದೆ ಬಿಚ್ಚುವಂತಿಲ್ಲ. ಹೈವೇಯಲ್ಲಿ ದೀಪವಿರುವ ದೊಡ್ಡ ಢಾಬಾದ ಅಂಗಳವೇ ವಾಸಿ, ಊಟ ಮಾಡಿ ಮಾಲೀಕರನ್ನು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುವುದಿಲ್ಲ. ದಾರಿಯ ವಿಷಯದಲ್ಲಿ, ಎನ್‌ಎಚ್ 44 ಹಿಡಿದು ಶ್ರೀನಗರ, ಅಲ್ಲಿಂದ ಕಾರ್ಗಿಲ್ ಮೂಲಕ ಹತ್ತಿ ಮನಾಲಿ ಕಡೆಯಿಂದ ಇಳಿಯುವುದು ವಯಸ್ಸಾದವರಿಗೆ ಮೇಲು. ಕಾರ್ಗಿಲ್ ಸುಮಾರು 2,700 ಮೀಟರ್, ದೇಹ ಮೆಲ್ಲಗೆ ಒಗ್ಗುತ್ತದೆ. ಮನಾಲಿಯಿಂದ ಹತ್ತಿ 4,200 ಮೀಟರ್ ದಾಟಿದ ಸರ್ಚುವಿನಲ್ಲಿ ಟೆಂಟ್ ಬಿಚ್ಚಿದರೆ ತಲೆನೋವು, ವಾಂತಿಯಲ್ಲೇ ಬೆಳಗಾಗಬಹುದು.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ನಿಮ್ಮದೇ ಗಾಡಿಯ ಎತ್ತರಕ್ಕೆ ಟೆಂಟ್ ಬಿಚ್ಚಿಸಿ. ಇಬ್ಬರೂ ಹತ್ತಿ ಮಲಗಿ, ಇಳಿದು, ಅಂಗಡಿಯ ಹುಡುಗರ ಕೈ ತಾಗಿಸದೆ ನೀವಿಬ್ಬರೇ ಮಡಚಿ ಕವರ್ ಜಿಪ್ ಎಳೆಯಿರಿ. ಅದು ಆಗದಿದ್ದರೆ ನೆಲದ ಮೇಲೆ ನಿಲ್ಲಿಸುವ, ಒಳಗೆ ಎದ್ದು ನಿಲ್ಲಬಹುದಾದ ಟೆಂಟ್, ಜೊತೆಗೆ ಎರಡು ಮಡಚುವ ಮಂಚ ಕೊಳ್ಳಿ.