ಮಳೆಗಾಲದಲ್ಲಿ ಮಲೆನಾಡಿಗೆ ಕ್ಯಾಮೆರಾ ತರ್ತೀರಾ? ನನ್ನ ಬ್ಯಾಗಿನ ಕತೆ ಕೇಳಿ

ಸರ್ವಿಸ್ ಸೆಂಟರಿನ ಹುಡುಗ ಕ್ಯಾಮೆರಾ ಬಿಚ್ಚಿ ನೋಡಿ ಕೇಳಿದ: "ಸಮುದ್ರಕ್ಕೆ ಹೋಗಿದ್ರಾ ಸಾರ್?"

ಇಲ್ಲಪ್ಪ, ಕವಲೇದುರ್ಗ, ಆಗುಂಬೆ ಅಷ್ಟೇ ಅಂದೆ. ಸಮುದ್ರ ಇರೋದು ಘಟ್ಟದ ಕೆಳಗೆ. ಅವನು ನಂಬಲಿಲ್ಲ. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಬರೀ ಮಳೆ ನೀರಿಗೆ ಮೂರು ವಾರದಲ್ಲಿ ಇಷ್ಟು ಆಗಲ್ಲ, ಇದು ಉಪ್ಪು ನೀರೇ ಅಂದ. ಮೇನ್ ಬೋರ್ಡ್ ಬದಲಿಸಬೇಕು, 41,000 ರೂಪಾಯಿ. ಆ ಬಾಡಿಯನ್ನು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇ 62,000ಕ್ಕೆ. ವಾರಂಟಿ ಇದ್ದಿದ್ದರೂ ಉಪಯೋಗ ಇರಲಿಲ್ಲ. ನೀರು ಹೋಗಿ ಕೆಟ್ಟರೆ ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ.

ಉಪ್ಪು ಎಲ್ಲಿಂದ ಬಂತು? ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ವಾಪಸ್ ಬರುವಾಗ ತರೀಕೆರೆ ಹತ್ತಿರ ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಕಟ್ಟಿದ್ದ ಬ್ಯಾಗಿನ ವಿಷಯ. ಜುಲೈ, ಪುನರ್ವಸು ಮಳೆ ಹಿಡಿದಿತ್ತು. ಎರಡು ದಿನದ ತಿರುಗಾಟ. ಬ್ಯಾಗಿನಲ್ಲಿ ಒಂದು ಬಾಡಿ, ನಾಲ್ಕು ಲೆನ್ಸ್: ಹಕ್ಕಿಗೆ ಒಂದು ಟೆಲಿ, ಕಪ್ಪೆಗೆ ಮ್ಯಾಕ್ರೋ, ಕೋಟೆಗೆ ವೈಡ್, ಉಳಿದದ್ದಕ್ಕೆಲ್ಲ ಬಾಡಿ ಜೊತೆಗೇ ಬಂದ ಝೂಮ್. ಟ್ರೈಪಾಡ್, ಫ್ಲ್ಯಾಶ್, ನೀರಿನ ಬಾಟಲಿ, ಟವೆಲ್, ಚಕ್ಕುಲಿ ಡಬ್ಬಿ. ಜೊತೆಗೆ ಬಂದ ಗೆಳೆಯ ಬ್ಯಾಗ್ ಎತ್ತಿ ನೋಡಿ, "ಏನ್ ಮಾರಾಯ, ಅಡಿಕೆ ಮೂಟೆ ತಂದಿದೀಯಾ?" ಅಂದ. ಎರಡು ದಿನದಲ್ಲಿ ನಾನು ನಿಜವಾಗಿ ಬಳಸಿದ್ದು ಆ ಝೂಮ್ ಒಂದನ್ನೇ. ಸುರಿಯೋ ಮಳೆಯಲ್ಲಿ ಲೆನ್ಸ್ ಬದಲಿಸೋದು ಎಲ್ಲಿ? ನಾಲ್ಕು ಲೆನ್ಸ್ ತಂದವನಿಗೆ ಈ ಯೋಚನೆ ಮನೆಯಲ್ಲೇ ಬರಬೇಕಿತ್ತು.

ಮೊದಲ ಪೆಟ್ಟು ಮಂಡಗದ್ದೆಯಲ್ಲಿ ಬಿತ್ತು. ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್. ತುಂಗಾ ನದಿಯ ನಡುಗಡ್ಡೆ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಕಾಲ. ಕಾರಿನಲ್ಲಿ ಎಸಿ ಹಾಕಿಕೊಂಡು ಬಂದಿದ್ದೆವು. ಇಳಿದು ಕ್ಯಾಮೆರಾ ತೆಗೆದರೆ ಲೆನ್ಸ್ ಪೂರಾ ಮಂಜು. ತಣ್ಣಗಿದ್ದ ಗಾಜಿಗೆ ಹೊರಗಿನ ಹಸಿ ಗಾಳಿ ತಾಗಿದರೆ ನೀರು ಕೂರುತ್ತದೆ. ಫ್ರಿಜ್ಜಿಂದ ತೆಗೆದ ಚೊಂಬಿನ ಮೇಲೆ ಬೆವರು ಕೂರೋ ಹಾಗೆ. ಸುಮ್ನೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟಿದ್ದರೆ ತಾನೇ ಹೋಗುತ್ತಿತ್ತು. ನಾನು ಬಿಡಲಿಲ್ಲ. ಮುಂದಿನ ಗಾಜು ಒರೆಸಿದೆ. ಹೋಗಲಿಲ್ಲ. ಹಿಂದೆಯೂ ಮಂಜು ಇರಬಹುದು ಅಂತ ಲೆನ್ಸನ್ನೇ ಬಿಚ್ಚಿದೆ. ಅಂದರೆ ಅದೇ ಹಸಿ ಗಾಳಿಯನ್ನು ಒಳಗೆ ಚಿತ್ರ ಹಿಡಿಯುವ, ತಣ್ಣಗಿದ್ದ ಸೆನ್ಸಾರ್ ಮೇಲೆ ನಾನೇ ಕರೆದು ಕೂರಿಸಿದೆ.

ಈಗ ಮಾಡೋದು ಇಷ್ಟು. ಇಳಿಯುವ ಜಾಗಕ್ಕೆ ಅರ್ಧ ಗಂಟೆ ಮೊದಲೇ ಎಸಿ ಬಂದ್. ಇಲ್ಲವಾದರೆ ಕ್ಯಾಮೆರಾವನ್ನು ಕಾರಿನೊಳಗೇ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಿ, ಆಮೇಲೆ ಹೊರಗೆ ತರುವುದು. ಮಂಜು ಕವರಿನ ಹೊರಗೆ ಕೂರುತ್ತದೆ, ಕ್ಯಾಮೆರಾ ಮೇಲೆ ಅಲ್ಲ. ಒಳಗಿನದು ಹೊರಗಿನಷ್ಟೇ ಬೆಚ್ಚಗಾದ ಮೇಲೆ ಬಿಚ್ಚಬೇಕು.

ಇನ್ನು "ವೆದರ್ ಸೀಲ್ಡ್" ಎಂಬ ಮಾತು. ಅಂದರೆ ಮಳೆ, ಧೂಳು ಒಳಗೆ ಹೋಗದ ಹಾಗೆ ಸಂದಿಗಳನ್ನು ಮುಚ್ಚಿದ್ದು. ಬಾಡಿ ಮಾರಿದವರು ಇದನ್ನು ಮೂರು ಸಲ ಹೇಳಿದ್ದರು. ಸುಳ್ಳಲ್ಲ, ಬಾಡಿಗೆ ಸೀಲ್ ಇತ್ತು. ನನ್ನ ಝೂಮ್ ಲೆನ್ಸಿಗೆ ಇರಲಿಲ್ಲ. ಲೆನ್ಸ್ ಬಿಚ್ಚಿ ಹಿಂದಿನ ಲೋಹದ ಬಳೆ ನೋಡಿ. ಅದರ ಸುತ್ತ ತೆಳ್ಳನೆ ರಬ್ಬರ್ ಅಂಚು ಇಲ್ಲದಿದ್ದರೆ ಆ ಲೆನ್ಸ್ ಮಳೆಗೆ ಅಲ್ಲ. ಬಾಗಿಲಿಗೆ ಮೂರು ಚಿಲಕ ಹಾಕಿ ಕಿಟಕಿ ತೆಗೆದಿಟ್ಟ ಹಾಗೆ. ಕೆಲವು ಒಳ್ಳೆಯ ಲೆನ್ಸ್‌ಗಳಿಗೂ ಮುಂದೆ ಒಂದು ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿ. ಕ್ಯಾನನ್ ತನ್ನ ಕೆಲವು ಎಲ್ ಲೆನ್ಸ್‌ಗಳ (ಅದರ ದುಬಾರಿ ಸಾಲು) ಕೈಪಿಡಿಯಲ್ಲೇ ಹಾಗೆ ಬರೆದಿದೆ. (ನನ್ನದು ಆ ಕಂಪನಿಯದ್ದಲ್ಲ.) ಇನ್ನೊಂದು ವಿಷಯ: ಫೋನಿಗೆ ನೀರು, ಧೂಳು ಎಷ್ಟು ತಡೆಯುತ್ತೆ ಅಂತ ಹೇಳೋಕೆ ಐಪಿ 68 ಅಂತ ಒಂದು ಅಳತೆ ಇರುತ್ತದಲ್ವಾ, ಬಹುಪಾಲು ಕ್ಯಾಮೆರಾಗಳಿಗೆ ಅಂಥ ಸಂಖ್ಯೆಯೇ ಇರುವುದಿಲ್ಲ. ಓಎಂ-1 ಥರದ ಕೆಲವಕ್ಕೆ ಐಪಿ 53 ಇದೆ. ಅದೂ ತುಂತುರು ತಡೆಯೋ ಮಟ್ಟದ್ದು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಕಾಣುವ ಆಗುಂಬೆಗೆ ತುಂತುರಿನ ಲೆಕ್ಕ ಹಿಡಿದು ಬಂದರೆ ನನ್ನ ಗತಿಯೇ.

ಕವಲೇದುರ್ಗದ ಬುಡಕ್ಕೆ ಬಂದಾಗ ಮಧ್ಯಾಹ್ನ. ಗದ್ದೆ ಅಂಚಿನಲ್ಲಿ ನಡೆದು ಕೋಟೆ ಬಾಗಿಲು ಸೇರಬೇಕು. ದಾರಿಯ ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ನಮ್ಮ ಕಾಲು ನೋಡಿ, "ಉಂಬಳ ಜಾಸ್ತಿ ಉಂಟು ಮಗಾ, ಇದನ್ನ ಇಟ್ಕೊಳ್ಳಿ" ಅಂತ ಒಂದು ಕಾಗದದ ಪೊಟ್ಟಣದಲ್ಲಿ ಕಲ್ಲುಪ್ಪು ಕಟ್ಟಿಕೊಟ್ಟರು. ಉಂಬಳ ಅಂದರೆ ಜಿಗಣೆ, ಉಪ್ಪು ತಾಗಿದರೆ ಹಿಡಿತ ಬಿಡುತ್ತದೆ. ಬಹಳ ಉಪಕಾರ ಆಯಿತು ಅಂದು ಅದನ್ನು ಬ್ಯಾಗಿನ ಮೇಲಿನ ಜೇಬಿಗೆ ಹಾಕಿದೆ. ಆ ಜೇಬಿನ ನೇರ ಕೆಳಗೆ ಕ್ಯಾಮೆರಾದ ಗೂಡು. ನಡುವೆ ಬರೀ ಒಂದು ಪದರ ಬಟ್ಟೆ.

ಮಳೆ ಜೋರಾಯಿತು. ನನ್ನ ಧೈರ್ಯ ಬ್ಯಾಗಿನ ರೈನ್ ಕವರ್. ಅದು ಬ್ಯಾಗಿನ ಹೊರಮೈ ಮುಚ್ಚುತ್ತದೆ. ಬೆನ್ನಿಗೆ ತಾಗುವ ಬದಿ ಮುಚ್ಚುವುದಿಲ್ಲ. ರೈನ್‌ಕೋಟ್ ಮೇಲೆ ಬಿದ್ದ ನೀರು ಕತ್ತಿನಿಂದ ಇಳಿದು, ಬೆನ್ನು ಮತ್ತು ಬ್ಯಾಗಿನ ನಡುವೆ ಹರಿದು, ಸ್ಪಂಜಿನಂಥ ಪ್ಯಾಡಿಂಗಿಗೆ ಸೇರಿತು. ಅಲ್ಲಿಂದ ಒಳಗೆ. ಇಳಿದದ್ದೆಲ್ಲ ರೈನ್ ಕವರಿನ ತಳದಲ್ಲಿ ನಿಂತಿತು. ನನ್ನ ಕವರಿಗೆ ನೀರು ಹೋಗಲು ತೂತೂ ಇರಲಿಲ್ಲ. ಕಾಶಿ ವಿಶ್ವನಾಥ ದೇವಸ್ಥಾನದ ಹತ್ತಿರ ಕವರ್ ತೆಗೆದರೆ ಒಂದು ಬೋಗುಣಿ ನೀರು ಚೆಲ್ಲಿತು. ಅಷ್ಟು ಹೊತ್ತೂ ಮ್ಯಾಕ್ರೋ ಲೆನ್ಸ್ ಅದರಲ್ಲಿ ಕೂತಿತ್ತು. ಟೆಲಿ ಲೆನ್ಸಿನ ಗೂಡಿನಲ್ಲಿ ಒಂದು ಉಂಬಳ ಬೇರೆ ಸುರುಳಿ ಸುತ್ತಿಕೊಂಡಿತ್ತು.

ಆಗ ಉಪ್ಪಿನ ಪೊಟ್ಟಣ ನೋಡಬೇಕಿತ್ತು. ನೋಡಲಿಲ್ಲ. ಉಂಬಳವನ್ನು ಗೆಳೆಯ ಬೆರಳಲ್ಲೇ ಕಿತ್ತು ಎಸೆದ. ನೆನೆದ ಕಾಗದ ಹರಿದು, ಉಪ್ಪು ಕರಗಿ, ತೊಟ್ಟು ತೊಟ್ಟಾಗಿ ಕ್ಯಾಮೆರಾದ ಫ್ಲ್ಯಾಶ್ ಕೂರುವ ಜಾಗದ ಮೇಲೆ ಇಳಿದಿರಬೇಕು. ಹುಡುಗ ತೋರಿಸಿದ ಕಿಲುಬು ಸರಿಯಾಗಿ ಅಲ್ಲಿಂದಲೇ ಶುರುವಾಗಿತ್ತು. ಉಪ್ಪು ನೀರಿನಲ್ಲಿ ಕರೆಂಟು ಬೇಗ ಹರಿಯುತ್ತದೆ, ಲೋಹವೂ ಬೇಗ ತಿನ್ನಿಸಿಕೊಳ್ಳುತ್ತದೆ. ಅಜ್ಜಿಯದ್ದೇನೂ ತಪ್ಪಿಲ್ಲ. ಅವರು ಕೊಟ್ಟದ್ದು ಕಾಲಿಗೆ.

ರಾತ್ರಿ ಆಗುಂಬೆಯ ಹೋಂಸ್ಟೇಯಲ್ಲಿ ಕಪ್ಪೆ ಹುಡುಕುವ ಉತ್ಸಾಹ. ಕ್ಯಾಮೆರಾ ಆನ್ ಆಯಿತು, ಎರಡು ಫೋಟೋ ತೆಗೆಯಿತು, ಸತ್ತಿತು. ಬ್ಯಾಟರಿ ತೆಗೆದು ಹಾಕಿದೆ. ಆನ್ ಮಾಡಿದೆ. ಮತ್ತೆ ಆನ್ ಮಾಡಿದೆ. ಹತ್ತು ಸಲವಾದರೂ ಮಾಡಿರಬೇಕು. ಒಳಗೆ ನೀರಿದ್ದಾಗ ಒಂದೊಂದು ಸಲ ಆನ್ ಮಾಡುವುದೂ ಶಾರ್ಟ್ ಆಗಲು ಅವಕಾಶ ಕೊಟ್ಟ ಹಾಗೆ. ಮಾಡಬೇಕಾದ್ದು ಒಂದೇ: ಆಫ್, ಬ್ಯಾಟರಿ ಹೊರಗೆ, ಕಾರ್ಡ್ ಹೊರಗೆ, ಬಾಗಿಲುಗಳೆಲ್ಲ ತೆರೆದು ಒಣ ಗಾಳಿಗೆ ಇಟ್ಟು, ಬೇಗ ರಿಪೇರಿಯವರ ಹತ್ತಿರ ಹೋಗೋದು. ನಾನು ಹಸಿ ಕ್ಯಾಮೆರಾವನ್ನು ಹಸಿ ಟವೆಲಿನ ಪಕ್ಕಕ್ಕಿಟ್ಟು ಜಿಪ್ ಎಳೆದು ಮಲಗಿದೆ.

ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹೂತೆ. ಮೂರು ದಿನ. ಅಕ್ಕಿ ಹೆಚ್ಚೇನೂ ನೀರು ಎಳೆಯುವುದಿಲ್ಲ, ಅದರ ಹಿಟ್ಟು ಮಾತ್ರ ಗುಂಡಿಗಳ ಸಂದಿಗೆ ಹೋಗುತ್ತದೆ. ಲೆನ್ಸ್‌ಗಳನ್ನು ಒರೆಸಿ, ಅದೇ ಬ್ಯಾಗಿನಲ್ಲಿ ಬೀರುವಿಗೆ ಇಟ್ಟೆ. ಬೆಂಗಳೂರಿಗೆ ಹೋಗಲು ಮೂರು ವಾರ ಆಯಿತು. ಅಷ್ಟರಲ್ಲಿ ಉಪ್ಪು ತನ್ನ ಕೆಲಸ ಮುಗಿಸಿತ್ತು.

ದೀಪಾವಳಿಗೆ ಬೀರು ತೆಗೆದು ಮ್ಯಾಕ್ರೋ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದೆ. ಗಾಜಿನೊಳಗೆ ಜೇಡರ ಬಲೆ ಥರ ಬಿಳಿ ಎಳೆ. ಫಂಗಸ್. ಅಮ್ಮ ಬಗ್ಗಿ ನೋಡಿ, "ಮಳೆಗಾಲದಲ್ಲಿ ಈ ಮನೇಲಿ ಚಪ್ಪಲಿಗೇ ಬೂಷ್ಟು ಬರುತ್ತೆ. ನಿನ್ನ ಗಾಜಿಗೆ ಬರಲ್ವೇನೋ?" ಅಂದರು. ನಾಲ್ಕು ತಿಂಗಳು ಒದ್ದೆ ಬ್ಯಾಗಿನಲ್ಲಿಟ್ಟವನಿಗೆ ಉತ್ತರ ಏನಿದೆ. ಶುರುವಿನಲ್ಲಿ ಹಿಡಿದರೆ ಲೆನ್ಸ್ ಬಿಚ್ಚಿ ಒರೆಸಬಹುದು. ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ನನ್ನದು ತಿಂದಿತ್ತು.

ಈಗ ಲೆನ್ಸ್‌ಗಳಿರುವುದು ಗಾಳಿ ಆಡದ ಅಡುಗೆಮನೆ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ. ತೇವ ತೋರಿಸುವ ಚಿಕ್ಕ ಮೀಟರ್ ಒಂದು ಒಳಗಿದೆ. 40ರಿಂದ 50 ಶೇಕಡಾ ಇದ್ದರೆ ಸರಿ. ತೀರಾ ಕಡಿಮೆಯೂ ಬೇಡ. ಜೆಲ್ಲಿನ ಬಣ್ಣ ಬದಲಾದರೆ ತೇವ ತುಂಬಿದೆ ಅಂತ. ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ, ಬೈಸಿಕೊಂಡಿದ್ದೇನೆ.

ತಿರುಗಾಟಕ್ಕೆ ಒಂದು ಬಾಡಿ, ಸೀಲ್ ಇರುವ ಒಂದೇ ಝೂಮ್. ಎರಡನ್ನೂ ಮನೆಯಲ್ಲೇ ಜೋಡಿಸಿ ಹೊರಡುವುದು, ದಾರಿಯಲ್ಲಿ ಬಿಚ್ಚುವ ಮಾತೇ ಇಲ್ಲ. ಒದ್ದೆ ಎಲೆಗಳ ಹೊಳಪು ತೆಗೆಯಲು ಒಂದು ಪೋಲರೈಸರ್. ಬ್ಯಾಗಿನ ಒಳಗೆ ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಇಟ್ಟು, ಅದರೊಳಗೆ ಕ್ಯಾಮೆರಾ. ಹೊರಗಿನ ಬ್ಯಾಗ್ ನೆನೆದರೆ ನೆನೆಯಲಿ. ಒಣ ಬಟ್ಟೆ ನಾಲ್ಕು, ಬೇರೆ ಕವರಿನಲ್ಲಿ. ಒಮ್ಮೆ ಒದ್ದೆಯಾದದ್ದು ಆ ಕವರಿಗೆ ವಾಪಸ್ ಹೋಗುವಂತಿಲ್ಲ. ಬಾಟಲಿ, ಟವೆಲ್, ತಿಂಡಿ ಗೆಳೆಯನ ಬ್ಯಾಗಿಗೆ. ಉಪ್ಪು ಪ್ಯಾಂಟಿನ ಜೇಬಿಗೆ. ಮತ್ತೆ ದೊಡ್ಡದೊಂದು ಕಪ್ಪು ಛತ್ರಿ. ಸಾವಿರಾರು ರೂಪಾಯಿಯ ಕ್ಯಾಮೆರಾ ರೈನ್‌ಕೋಟ್ ಹಾಕಿ ನೋಡಿದ್ದೇನೆ. ಗೆಳೆಯ ಹಿಡಿದ ಛತ್ರಿ ಅದಕ್ಕಿಂತ ಒಳ್ಳೆಯದು, ಅವನು ಗೊಣಗುವುದು ಬಿಟ್ಟರೆ.

ಕೊನೆಗೆ, ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ. ನನ್ನ ಮ್ಯಾಕ್ರೋ ಲೆನ್ಸನ್ನು ನಾನು ಮಾರಿಲ್ಲ, ಕಪಾಟಿನ ಮೇಲೆ ಬೇರೆ ಲೆನ್ಸ್‌ಗಳಿಂದ ದೂರ ಇದೆ. ಎಲ್ಲರೂ ಹಾಗೆ ಇಟ್ಟುಕೊಳ್ಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಅಗ್ಗಕ್ಕೆ ಬಂದ ಲೆನ್ಸ್ ಕಂಡರೆ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಬಾಡಿಯಾದರೆ ಫ್ಲ್ಯಾಶ್ ಕೂರುವ ಜಾಗ, ಬ್ಯಾಟರಿ ಗೂಡು, ತಳದ ಸ್ಕ್ರೂಗಳ ತಲೆ ನೋಡಿ. ಹಸಿರು ಕಂಡರೆ ಬೆಲೆ ಕೇಳುವುದೂ ಬೇಡ.